ಮಾವ ಹೇಳಿದ್ದು, ನಾನು ಬರೆದದ್ದು

ಹುತ್ತೂರು, ಕೋಲಾರ ತಾಲ್ಲೂಕು
22-5-1949, ಭಾನುವಾರ

ಪ್ರಿಯ ಕದಿರಪ್ಪನವರೇ,

ನೋಡಿ, ಬರೆದೇಬಿಟ್ಟೆ! ನಿಮ್ಮ ಹೆಸರನ್ನು ಪೂರ್ತಿಯಾಗಿ, ದಪ್ಪ ಅಕ್ಷರದಲ್ಲಿ. ಅತ್ತೆ ಕಂಡಿದ್ದರೆ "ಗಂಡನ ಹೆಸರು ಹೇಳಿದ್ರೆ ಅವನ ಆಯಸ್ಸು ಕಮ್ಮಿಯಾಗ್ತದೆ ಕಣೇ" ಎಂದು ನನ್ನ ಬಾಯಿ ಮುಚ್ಚುತ್ತಿದ್ದರು. ಸದ್ಯ, ಅವರಿಗೆ ಓದು ಬಾರದು. ಹೆಸರಿನ ಪಕ್ಕದಲ್ಲಿ ಡಾರ್ಲಿಂಗ್ ಎಂದೂ ಸೇರಿಸಬೇಕೆಂದಿದ್ದೆ. ಆದರೆ ಈ ಕಾಗದ ಓದಿ ಮುಗಿಸುವಾಗ ನಿಮಗೆ ಆ ಮಾತು ಬೇಕೆನಿಸುತ್ತದೋ ಇಲ್ಲವೋ ಎಂದು ಹೆದರಿ ಬಿಟ್ಟಿದ್ದೇನೆ.

ನಾನು ಒಂದು ತಪ್ಪು ಮಾಡಿದ್ದೇನೆ. ಹೇಳುತ್ತೇನೆ. ಆದರೆ ಮೊದಲಿನಿಂದ ಹೇಳಲು ಬಿಡಿ, ಇಲ್ಲವಾದರೆ ನಾನು ಬರೀ ಕೆಟ್ಟವಳಾಗಿ ಕಾಣುತ್ತೇನೆ.

ನಮ್ಮ ಮದುವೆಯಾಗಿ ನಾವು ಜೊತೆಗಿದ್ದದ್ದು ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಂಗಳೂರಿನ ಸೈಕಲ್ ಕ್ಲಬ್ಬಿನವರು ಹಾರ ಹಾಕಿ, ಬೆಲ್ಜಿಯಮ್ಮಿನ ಪಂದ್ಯಗಳಿಗೆಂದು ನಿಮ್ಮನ್ನು ಬೊಂಬಾಯಿ ರೈಲಿಗೆ ಹತ್ತಿಸಿದರು. ನಾನು ಅಳಲಿಲ್ಲ, ನೆನಪಿದೆಯೇ? ರಾಬರ್ಟ್‌ಸನ್‌ಪೇಟೆಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ಪ್ಲಾಟ್‌ಫಾರ್ಮಿನಲ್ಲಿ ಅಳಬಾರದೆಂದು ತುಟಿ ಕಚ್ಚಿಕೊಂಡಿದ್ದೆ. ವಾರಕ್ಕೊಂದು ಕಾಗದ ಬರುತ್ತದೆ, ಅದರ ಮೇಲೆ ನನ್ನ ಹೆಸರಿರುತ್ತದೆ ಎಂದು ಕನಸು ಕಂಡಿದ್ದೆ.

ಕಾಗದಗಳು ಬಂದವು. ಎಲ್ಲವೂ ಮಾವನ ಹೆಸರಿಗೆ! "ತೀರ್ಥರೂಪರಾದ ಅಪ್ಪನವರ ಪಾದಗಳಿಗೆ" ಎಂದು ಶುರು, ಕೊನೆಯಲ್ಲಿ "ಮನೆಯಲ್ಲಿ ಎಲ್ಲರಿಗೂ ತಿಳಿಸುವುದು". ನಾನು ಆ ಎಲ್ಲರಲ್ಲಿ ಒಬ್ಬಳು. ಎಮ್ಮೆಯ ಹಿಂದಿನವಳೋ ಮುಂದಿನವಳೋ ಗೊತ್ತಿಲ್ಲ. ಹೊಸದಾಗಿ ಮದುವೆಯಾದವನು ಹೆಂಡತಿಗೆ ನೇರವಾಗಿ ಬರೆದರೆ ಊರು ನಗುತ್ತದೆಂದು ನನಗೂ ಗೊತ್ತು. ಆದರೆ ಅದನ್ನು ಓದಿ ಹೇಳಬೇಕಾದವಳು ಯಾರು? ನಾನೇ. ಮಾವ ರೇಷ್ಮೆ ಹುಳುಮನೆಯ ಜಗಲಿಯ ಮೇಲೆ ಕೂರುತ್ತಾರೆ, ಅತ್ತೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಕೂರುತ್ತಾರೆ, ಅಕ್ಕಪಕ್ಕದವರೂ ಬರುತ್ತಾರೆ. ನಾನು ನಿಂತು ಓದುತ್ತೇನೆ.

ಏನೇನು ಬರೆದಿರಿ! ಬೆಲ್ಜಿಯಮ್ಮಿನ ರಸ್ತೆಗಳಿಗೆ ಹಾಸಿದ ಕಲ್ಲು ನಮ್ಮ ಕೋಲಾರದ ಬಂಡೆಯನ್ನೂ ನಾಚಿಸುತ್ತದೆಂದು, ಮಳೆ ಬಂದರೆ ಅದು ಮೀನಿನ ಬೆನ್ನಿನಂತೆ ಜಾರುತ್ತದೆಂದು. ಊರೂರಿನ ಚರ್ಚಿನ ಸುತ್ತ ಮೂವತ್ತು ಸುತ್ತು ಓಡಿಸುವ ಪಂದ್ಯವಂತೆ. ಗಾಳಿ ಅಡ್ಡ ಹೊಡೆದಾಗ ಒಬ್ಬನ ಮರೆಯಲ್ಲಿ ಒಬ್ಬ ಸಾಲಾಗಿ ಓರೆಗೆ ಹೋಗಬೇಕಂತೆ, ಹೊಸಬನನ್ನು ಆ ಸಾಲಿಗೆ ಸೇರಿಸದೆ ಮೊಣಕೈಯಿಂದ ತಳ್ಳುತ್ತಾರಂತೆ. ಮೊದಲ ಪಂದ್ಯದಲ್ಲಿ ತಿರುವಿನಲ್ಲಿ ಬಿದ್ದು ಮೊಣಕೈ ಸುಲಿಯಿತು. ಎರಡನೆಯದರಲ್ಲಿ ಹದಿನೇಳನೆಯವರು. ಮೂರನೆಯದರಲ್ಲಿ ಆರನೆಯವರು! ಆರನೆಯವರೆಂದು ಓದಿದಾಗ ಮಾವ ಎದ್ದು ನಿಂತು, "ಕೋಲಾರದ ಮಾರ್ಕೆಟ್ಟಿಗೆ ಬುಟ್ಟಿ ಗೂಡು ಹೊತ್ಕಂಡು ಬಿಸ್ಲೇರೋಕೆ ಮುಂಚೆ ತುಳೀತಿದ್ದನಲ್ಲ, ಆ ಕಾಲು ಕಣ್ರೋ ಅದು" ಎಂದರು. ನನಗೆ ಕುಣಿಯಬೇಕೆನಿಸಿತು.

ಆಮೇಲೆ ಬಂದಳು ಹೆಲೆನಾ.

ನೀವು ಇಳಿದುಕೊಂಡ ಸೈಕಲ್ ಅಂಗಡಿಯವರ ಮಗಳು. ಮೊದಲ ಕಾಗದದಲ್ಲಿ ಒಂದು ಸಲ, ಎರಡನೆಯದರಲ್ಲಿ ನಾಲ್ಕು ಸಲ, ಮೂರನೆಯದರಲ್ಲಿ ಏಳು ಸಲ. ಹೆಲೆನಾ ಬೆಳಿಗ್ಗೆ ಕಾಫಿ ಕೊಟ್ಟಳು. ಹೆಲೆನಾ ಗಾಯಕ್ಕೆ ಔಷಧಿ ಹಚ್ಚಿದಳು. ಹೆಲೆನಾ ಅಂಗಿಯ ಬೆನ್ನಿಗೆ ನಂಬರ್ ಬಟ್ಟೆ ಹೊಲಿದಳು. ಹೆಲೆನಾ ತನ್ನ ಸೈಕಲ್ಲಿನಲ್ಲಿ ಕಾಲುವೆಯ ದಡದುದ್ದಕ್ಕೂ ಜೊತೆಯಲ್ಲಿ ಬಂದು ಹೊತ್ತು ನೋಡಿ ಹೇಳುತ್ತಾಳೆ. ಇಷ್ಟನ್ನೂ ನಾನು ನನ್ನ ಬಾಯಿಂದಲೇ ಊರಿಗೆ ಓದಿ ಹೇಳಬೇಕೇ? ನಾನೇನು ಮಾಡಿದೆ ಗೊತ್ತೇ? ಹೆಲೆನಾಳನ್ನು ಅಂಗಡಿಯವರ ತಾಯಿ ಮಾಡಿದೆ. ಎಪ್ಪತ್ತು ವರ್ಷ ಕೊಟ್ಟೆ. ಎರಡು ಹಲ್ಲನ್ನೂ ಉದುರಿಸಿದೆ! ಅತ್ತೆ ಕಣ್ಣೊರೆಸಿಕೊಂಡು, "ಆ ಮುದುಕಿ ನೂರು ವರ್ಷ ಬಾಳ್ಲಿ, ಹೆತ್ತವಳ ಹಂಗೆ ನೋಡ್ಕಂತವ್ಳೆ" ಎಂದರು. ಅವಳಿಗೆ ಕಳುಹಿಸಲೆಂದು ಹೊಸ ಹುಣಸೆಹಣ್ಣು ಬಿಡಿಸಿ ಮಡಕೆಯಲ್ಲಿ ಇಟ್ಟಿದ್ದಾರೆ.

ನಗಬೇಡಿ. ಅವಳು ಕಾಫಿ ಕೊಟ್ಟದ್ದು ನನಗೆ ಅಷ್ಟು ಚುಚ್ಚಲಿಲ್ಲ. ಔಷಧಿ ಸ್ವಲ್ಪ ಚುಚ್ಚಿತು. ಆದರೆ ಜೊತೆಯಲ್ಲಿ ಸೈಕಲ್ ತುಳಿದಳಲ್ಲ, ಅದು! ಕಾನ್ವೆಂಟಿನ ಅಂಗಳದಲ್ಲಿ ಎರಡೂ ಕೈ ಬಿಟ್ಟು ಸೈಕಲ್ ಬಿಡುತ್ತಿದ್ದವಳು ನಾನು. ಮದುವೆಯ ಮೂರನೆಯ ದಿನ ಅದನ್ನು ಹೇಳಿದಾಗ ನೀವು ನಂಬದೆ ನಕ್ಕಿರಿ. ನೀವು ಗೂಡು ಹೊರುತ್ತಿದ್ದ ಸೈಕಲ್ ಇಲ್ಲಿ ಹುಳುಮನೆಯ ಮೂಲೆಯಲ್ಲಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಹಿಂದೆ, ಚಕ್ರದಲ್ಲಿ ಗಾಳಿಯಿಲ್ಲದೆ ನಿಂತಿದೆ. ಯಾರೂ ಇಲ್ಲದಾಗ ಅದರ ಬೆಲ್ ಒಂದು ಸಲ ಬಾರಿಸುತ್ತೇನೆ. ಸೊಸೆಯಾದವಳು ಅಷ್ಟು ಮಾತ್ರ ಮಾಡಬಹುದು. ಅಲ್ಲಿ ಅವಳು ನಿಮ್ಮ ಗಾಳಿಯ ಮರೆಯಲ್ಲಿ ಹೋಗುತ್ತಾಳೆ.

ಈಗ ತಪ್ಪಿನ ಮಾತು.

ಈ ತಿಂಗಳ ಮೊದಲ ವಾರ ಬಂದ ಕಾಗದದಲ್ಲಿ ನೀವು ಅಪ್ಪನ ಅಪ್ಪಣೆ ಕೇಳಿದ್ದಿರಿ. ಜೂನ್ ಹಡಗಿಗೆ ಟಿಕೆಟ್ ಇದೆ. ಆದರೆ ಆಗಸ್ಟ್ ಹದಿನಾಲ್ಕರಂದು ಸಮುದ್ರದ ದಂಡೆಯವರೆಗೆ ಇನ್ನೂರು ಕಿಲೋಮೀಟರಿನ ದೊಡ್ಡ ಪಂದ್ಯ. ಅದರಲ್ಲಿ ಮೊದಲ ಹತ್ತರೊಳಗೆ ಬಂದರೆ ಅಲ್ಲಿನ ಒಂದು ತಂಡದವರು ತಮ್ಮ ಜೆರ್ಸಿ ಕೊಟ್ಟು ಮುಂದಿನ ವರ್ಷ ಯುರೋಪೆಲ್ಲ ಓಡಿಸುತ್ತಾರೆ. "ಉಳಿಯಲೇ, ಬರಲೇ? ನೀವು ಹೇಳಿದಂತೆ" ಎಂದು ಬರೆದಿದ್ದಿರಿ.

ಮಾವ ಎರಡು ದಿನ ಹುಳುಮನೆಯಲ್ಲೇ ಕಳೆದರು. ಮೂರನೆಯ ದಿನ ನನ್ನನ್ನು ಕೂರಿಸಿಕೊಂಡು ಉತ್ತರ ಹೇಳಿದರು. "ಬರ್ಕೋಮ್ಮ. ಜ್ವರಕ್ಕೆ ಕೂತ ಹುಳಾನ ಯಾರೂ ತಟ್ಟಬಾರದು. ಅದು ಪೊರೆ ಬಿಟ್ಟು ತಾನಾಗೇ ಎದ್ದೇಳ್ಬೇಕು. ಅವನೂ ಹಂಗೇ. ನಮ್ ಯೋಚ್ನೆ ಬೇಡ, ಇದ್ದು ಓಡ್ಲಿ." ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಆದರೆ ಅವರ ಮಾತೆಂದು ನಾನು ಬರೆದದ್ದು ಬೇರೆ. "ನನಗೆ ಹದಿನೈದು ದಿನದಿಂದ ಜ್ವರ, ಹಾಸಿಗೆ ಹಿಡಿದಿದ್ದೇನೆ, ಮುಖ ನೋಡಬೇಕೆನಿಸಿದರೆ ಜೂನ್ ಹಡಗಿಗೆ ಬಾ." ಮಾವ ನಂಬಿಕೆಯಿಂದ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದರು. ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ನಕ್ಕರು.

ಆ ಹೊತ್ತಿಗೆ ನನಗೆ ಸಂತೋಷವಾಗಿತ್ತು. ಮುಚ್ಚಿಡುವುದಿಲ್ಲ. ಜೂನ್, ಜೂನ್ ಎಂದು ಮನಸ್ಸಿನಲ್ಲೇ ಹಾಡಿಕೊಂಡು ಹುಳುಗಳಿಗೆ ಸೊಪ್ಪು ಹಾಕಿದೆ. ಹೆಲೆನಾ ಒಬ್ಬಳೇ ಕಾಲುವೆಯ ದಡದಲ್ಲಿ ಸೈಕಲ್ ತುಳಿಯುವುದನ್ನು ನೆನೆದು ನೆನೆದು ನಕ್ಕೆ.

ಅದಾದ ನಾಲ್ಕನೆಯ ದಿನ ಮಾವನಿಗೆ ನಿಜವಾಗಿಯೂ ಜ್ವರ ಬಂತು.

ಮೈ ಕೆಂಡ. ಕಂಬಳಿ ಹೊದ್ದರೂ ನಡುಕ. ನನ್ನ ಅಕ್ಷರವೇ ಅವರ ಮೈಮೇಲೆ ಏರಿತೆಂದುಕೊಂಡೆ. ಒದ್ದೆ ಬಟ್ಟೆ ಹಣೆಗಿಡಲು ಹೋದೆ. ನನ್ನ ಕೈ ಹಿಡಿದುಕೊಂಡು ಅವರು ಹೇಳಿದ್ದು ಒಂದೇ ಮಾತು. "ಅಮ್ಮಯ್ಯ, ಅವನಿಗೆ ಮಾತ್ರ ಬರೀಬೇಡಮ್ಮ. ಜ್ವರ ಅಂತ ಗೊತ್ತಾದ್ರೆ ಓಟ ಬಿಟ್ಟು ಬಂದುಬಿಡ್ತಾನೆ."

ನಾನು ಹೊರಗೆ ಓಡಿ ಹಿಪ್ಪುನೇರಳೆ ತೋಟದಲ್ಲಿ ಕೂತು ಅತ್ತುಬಿಟ್ಟೆ. ಪ್ಲಾಟ್‌ಫಾರ್ಮಿನಲ್ಲಿ ಉಳಿಸಿಕೊಂಡಿದ್ದನ್ನೆಲ್ಲ ಅತ್ತು ಮುಗಿಸಿದೆ.

ಹೆದರಬೇಡಿ, ಮೂರೇ ದಿನಕ್ಕೆ ಜ್ವರ ಬಿಟ್ಟಿತು. ಇವತ್ತು ರಾಗಿ ಮುದ್ದೆ ಉಂಡು ಎಮ್ಮೆ ತೊಳೆದರು. ಆದ್ದರಿಂದ ಆ ಕಾಗದವನ್ನು ನಂಬಬೇಡಿ. ಅದರಲ್ಲಿ ಮಾವನದು ಹೆಬ್ಬೆಟ್ಟು ಮಾತ್ರ, ಮಾತೆಲ್ಲ ನನ್ನದು. ಟಿಕೆಟ್ ಹಿಂದಕ್ಕೆ ಕೊಡಿ. ಉಳಿಯಿರಿ. ಓಡಿ. ಮೊದಲ ಹತ್ತರೊಳಗೆ ಬನ್ನಿ. ಮನೆಗೆ ಬಂದಮೇಲೆ ನನ್ನನ್ನು ಬೈಯುವುದಿದ್ದರೆ ಬೈಯಿರಿ, ತವರಿಗೆ ಕಳುಹಿಸುವುದಿದ್ದರೆ ಕಳುಹಿಸಿ. ಆದರೆ ಮಾವನಿಗೆ ಹೇಳಬೇಡಿ. ಅವರು ನನ್ನನ್ನು ಅಮ್ಮಯ್ಯ ಎಂದು ಕರೆಯುವುದನ್ನು ಬಿಟ್ಟರೆ ನಾನು ತಾಳಲಾರೆ.

ನಾಳೆ ಬೆಳಿಗ್ಗೆ ವಿಮಾನ ಅಂಚೆಗೆ ಹಾಕುತ್ತೇನೆ. ಜೂನ್ ಹಡಗಿಗಿಂತ ಮುಂಚೆ ನಿಮ್ಮ ಕೈ ಸೇರಲೆಂದು ಕಂಡ ದೇವರಿಗೆಲ್ಲ ಕೈ ಮುಗಿದಿದ್ದೇನೆ, ಕಾನ್ವೆಂಟಿನ ಮೇರಿಯಮ್ಮನಿಗೂ.

ಇಂತಿ, ನಿಮ್ಮ ಹನ್ನೊಂದು ದಿನದ ಹೆಂಡತಿ,
ಆದಿಲಕ್ಷ್ಮಿ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯಲೇಬೇಕು. ಶಾಲೆಯ ಮೇಷ್ಟ್ರು ವೆಂಕಟರಮಣಪ್ಪನವರೇ ನಮ್ಮೂರಿನ ಅಂಚೆಯನ್ನೂ ನೋಡಿಕೊಳ್ಳುವುದಲ್ಲವೇ? ಈ ಕಾಗದ ಹಾಕಲು ಹೋದೆ. ವಿಳಾಸ ನೋಡಿದವರೇ ಅವರು ಮೇಜಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ನನ್ನ ಸುಳ್ಳಿನ ಕಾಗದ, ಹೆಬ್ಬೆಟ್ಟಿನ ಸಮೇತ! ಅದು ಹುತ್ತೂರು ಬಿಟ್ಟೇ ಇರಲಿಲ್ಲ. ಅಂಚೆಗೆ ಕೊಡುವ ಮುಂಚೆ ಮಾವ ಅದನ್ನು ಅವರಿಂದ ಓದಿಸಿಕೊಂಡು, ಬೇರೆಯದನ್ನು ಬರೆಸಿ ಅಂದೇ ಕಳುಹಿಸಿದ್ದಾರೆ. "ನಾನು ಎಲೆಅಡಿಕೆ ಹಾಕ್ಕೊಂಡು ಸುಮ್ನಿದ್ದಾಗ್ಲೂ ಹುಡುಗಿ ಬರೀತಾನೇ ಇದ್ಲು ಮೇಷ್ಟ್ರೇ" ಎಂದರಂತೆ. ಹಾಗಾದರೆ ಜ್ವರದಲ್ಲಿ ನನ್ನ ಕೈ ಹಿಡಿದು ಆ ಮಾತು ಹೇಳಿದಾಗ ಅವರಿಗೆ ಎಲ್ಲ ಗೊತ್ತಿತ್ತು! ಈ ಕಾಗದವನ್ನು ಹಿಂದಕ್ಕೆ ಹಿಡಿದುಕೊಂಡು ಮನೆಗೆ ಬಂದು ಮಾವನ ಕಾಲಿಗೆ ಬಿದ್ದೆ. "ಏಳಮ್ಮಯ್ಯ, ಹುಳ ಹಸ್ಕಂಡವೆ" ಎಂದಷ್ಟೇ ಹೇಳಿದರು. ಒಳಗೆ ಹೋಗಿ ನೋಡಿದರೆ ನಿಮ್ಮ ಗೂಡಿನ ಸೈಕಲ್ಲಿನ ಎರಡೂ ಚಕ್ರಕ್ಕೆ ಗಾಳಿ ತುಂಬಿದೆ.

ಹಾಗಾಗಿ ಈ ಕಾಗದದ ಅಗತ್ಯವೇ ಇಲ್ಲ. ಆದರೂ ಕಳುಹಿಸುತ್ತಿದ್ದೇನೆ. ಯಾರೂ ಹೇಳಿಕೊಡದೆ ನಾನು ನಿಮಗೆ ಬರೆದ ಮೊದಲ ಕಾಗದ ಇದು. ಹುಣಸೆಹಣ್ಣನ್ನೂ ಕಳುಹಿಸುತ್ತೇನೆ, ಹೆಲೆನಾಳಿಗೆ ತಿನ್ನಿಸಿ, ಹಲ್ಲು ಚುಳ್ಳೆನ್ನಲಿ.

ಒಂದೇ ಒಂದು ಮಾತು ಕೇಳುತ್ತೇನೆ, ಡಾರ್ಲಿಂಗ್. ಅವಳು ಬೆನ್ನಿಗೆ ನಂಬರ್ ಹೊಲಿದಾಗ ಅಂಗಿ ಮೊಳೆಗೆ ತಗುಲಿಹಾಕಿತ್ತೋ, ನಿಮ್ಮ ಮೈಮೇಲಿತ್ತೋ? ಉತ್ತರವನ್ನು ದಯವಿಟ್ಟು ಮಾವನ ಕಾಗದದಲ್ಲಿ ಬರೆಯಬೇಡಿ. ಜಗಲಿಯಲ್ಲಿ ನಿಂತು ಊರಿಗೆಲ್ಲ ಅದನ್ನು ಓದಿ ಹೇಳಬೇಕಾದವಳು ನಾನೇ.