ಅಂಜೀರದ ಗಿಡದ ಹಿಂದಿನ ಮೊಣಕೈ

ಕಲಬುರಗಿ, ನೆರಳುತಿಂಗಳ ನಾಲ್ಕನೆಯ ದಿನ, ೨೨೩೬

ಇನ್ನೂರು ವರ್ಷ ಹಿಂದಿರುವ ನಿಮಗೆಲ್ಲ ತಂಗೆಮ್ಮನ ಶರಣು. ನೆರಳುತಿಂಗಳು ಎಂದರೆ ನಿಮಗೆ ತಿಳಿಯದು. ಬಿಸಿಲು ತಡೆಯಲಾಗದೆ ಮೇ ಆದ ಮೇಲೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು ಅದು. ಆಗ ಊರಿಗೆ ಊರೇ ನೆಲದಡಿಯ ಕೋಣೆಗಳಲ್ಲಿ ಕೆಲಸ ಮಾಡುತ್ತದೆ. ನಾನು ಶಾಲೆಗೆ ಎರಡು ಸಲ ಸೇರಿ ಎರಡು ಸಲ ಬಿಟ್ಟವಳು. ಮಾತು ಅಡ್ಡಾದಿಡ್ಡಿಯಾದರೆ, ಆಗೇ ಆಗುತ್ತದೆ, ಹೊಟ್ಟೆಗೆ ಹಾಕಿಕೊಳ್ಳಿ.

ಹಳೆಯ ಸಿನೆಮಾ ರೀಲುಗಳ ಹೊಲಸು ತೆಗೆಯುವುದು ನನ್ನ ಕೆಲಸ. ಒರೆಸುಬೆಳಕು ಎಂಬ ಬೆರಳುದ್ದದ ಕಡ್ಡಿಯಿದೆ; ಅದು ಆಡಿದಲ್ಲಿ ಹೋದದ್ದು ಮತ್ತೆ ಬರುವುದಿಲ್ಲ. ಹೋದ ವಾರ ನನ್ನ ಮೇಜಿಗೆ ಬಂದದ್ದು ‘ಅಂಜೀರ್ ಕಾ ಬಾಗ್’. ಸಿನೆಮಾ ಆಗತಾನೇ ಮಾತು ಕಲಿತಿದ್ದ ಕಾಲದ ಉರ್ದು ಚಿತ್ರ, ನಮ್ಮಲ್ಲಿ ಉಳಿದಿರುವುದು ಇದೊಂದೇ ಪ್ರತಿ. ಎಂಥ ಚಿತ್ರ ಅಂತೀರಿ. ಆಗ ಹಾಡನ್ನು ಬೇರೆಯಾಗಿ ಹಿಡಿಯುವ ಉಪಾಯ ಇರಲಿಲ್ಲ; ನಾಯಕಿ ಕ್ಯಾಮೆರಾದ ಎದುರೇ ಹಾಡಬೇಕು, ಬಾಜಾ, ಅಂದರೆ ಹಾರ್ಮೋನಿಯಂ, ನುಡಿಸುವವನು ಅಂಜೀರದ ಗಿಡದ ಹಿಂದೆ ಅಡಗಿರಬೇಕು. ಅವಳು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ಉರ್ದು ನನಗೆ ಅರ್ಧಂಬರ್ಧ, ಆದರೂ ಮೂರು ಸಲ ಕೆಲಸ ನಿಲ್ಲಿಸಿ ಕೂತೆ.

ಗಿಡದ ಪಕ್ಕ ಕರಿಯದೇನೋ ಅಲುಗಾಡುತ್ತಿತ್ತು. ಇಷ್ಟು ಚಂದದ ಹಾಡಿನಲ್ಲಿ ಇದೆಂಥ ಹೊಲಸು ಎಂದು ಒರೆಸಿಬಿಟ್ಟೆ. ಚೊಕ್ಕವಾಯಿತೆಂದು ಖುಷಿಯನ್ನೂ ಪಟ್ಟೆ. ನಮ್ಮ ಮೇಲಿನವರಾದ ನುಸ್ರತ್ ಆಪಾ ನೋಡಿ, ಆ ತುಣುಕನ್ನು ಇನ್ನೊಮ್ಮೆ ಓಡಿಸಿ, ಗಿಡದ ಪಕ್ಕ ಬೆರಳಿಟ್ಟರು.

“ಅದು ಹೊಲಸಲ್ಲ ತಂಗೆಮ್ಮಾ. ಬಾಜಾ ಬಾರಸಾಂವನ ಮೊಣಕೈ ಅದು.”

ಆಮೇಲೆ ಅವರೇ ತಿಳಿಸಿದರು. ಟೆಂಟಿನಲ್ಲಿ ಈ ಚಿತ್ರ ನೋಡಿದ ನಮ್ಮ ಕಡೆಯ ನಾಟಕ ಕಂಪನಿಯವರು ಆ ಮೊಣಕೈ ಕಂಡು ಮೊದಲು ನಕ್ಕರಂತೆ, ನಕ್ಕು ಕಲಿತರಂತೆ. ತಾವು ಕನ್ನಡ ಚಿತ್ರ ಮಾಡುವಾಗ ಬಾಜಾ ನುಡಿಸುವವನನ್ನು ಅಡಗಿಸಲೇ ಇಲ್ಲ. ರುಮಾಲು ಸುತ್ತಿ, ಸೋದರಮಾವನ ಹಾಗೆ ಮನೆಯ ಕಟ್ಟೆಯ ಮೇಲೆ ಕೂರಿಸಿದರು. ಅಲ್ಲಿಂದಾಚೆ ಎಷ್ಟೋ ಕನ್ನಡ ಚಿತ್ರಗಳಲ್ಲಿ, ಪಕ್ಕದ ತೆಲುಗಿನಲ್ಲೂ, ಹೆಸರಿಲ್ಲದ ಒಬ್ಬ ಮಾವ ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಬಾಜಾ ಹಿಡಿದು ಕೂತಿರುತ್ತಾನೆ. ಅವನು ಎಲ್ಲಿಂದ ಬಂದ ಎನ್ನುವುದಕ್ಕೆ ಇದ್ದ ಗುರುತು ಆ ಮೊಣಕೈ ಒಂದೇ.

ನಿಮ್ಮ ಕಾಲದಲ್ಲಿ ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು, ಹಳೇ ಟಾಕೀಸಿನ ಅಟ್ಟದಲ್ಲೋ, ಗುಜರಿಯಲ್ಲೋ. ಕಂಡರೆ ತೊಳೆಯಬೇಡಿ. ಡಬ್ಬಿಯ ಮೇಲೆ ಕಲಬುರಗಿ ಎಂದು ಬರೆದಿಡಿ, ಯಾವಾಗಲಾದರೂ ಬಂದು ಮುಟ್ಟಲಿ. ಬಾರದಿದ್ದರೆ? ಆಪಾ ಬಯ್ಯಲೂ ಇಲ್ಲ, ಅದೇ ನನ್ನನ್ನು ತಿನ್ನುತ್ತಿದೆ. ನೆರಳುತಿಂಗಳು ಮುಗಿದೊಡನೆ ಜನ ಈ ಚಿತ್ರ ನೋಡಲು ಬರುತ್ತಾರೆ. ಅಷ್ಟರೊಳಗೆ ನಿಮ್ಮ ಡಬ್ಬಿ ಸಿಗದಿದ್ದರೆ, ಹಾಡಿಗೆ ಮೊದಲು ನಾನೇ ತೆರೆಯ ಮುಂದೆ ನಿಂತು ಗಿಡದ ಎಡಕ್ಕೆ ಕೈ ತೋರಿಸಿ, ಇಲ್ಲಿ ಒಬ್ಬ ಮನುಷ್ಯ ಕೂತಿದ್ದ, ನಾನು ಒರೆಸಿದೆ ಎಂದು ಹೇಳಬೇಕು. ಅಷ್ಟು ಜನರ ಮುಂದೆ ನಾನು ಯಾವತ್ತೂ ಮಾತಾಡಿದವಳಲ್ಲ.