ಕವಲಿನ ಫೋಟೋ

ಅಣ್ಣಾ,

ಆ ಬೆಟ್ಟದಿಂದ ನೀನು ಮರಳದೆ ಎರಡು ವರ್ಷವಾಯಿತು. ಹಾಸಿಗೆ ಹಿಡಿದ ಅಮ್ಮನಿಗೆ ಮಾತ್ರ ನೀನಿನ್ನೂ ತಿರುಗಾಟದಲ್ಲೇ ಇದ್ದೀಯ. ಅವಳಿಗೆ ತೋರಿಸಲೆಂದೇ ನಿನ್ನ ಪೇಜಿಗೆ ನಿನ್ನ ಹಳೆಯ ಫೋಟೋಗಳನ್ನು ಒಂದೊಂದಾಗಿ ಹಾಕುತ್ತೇನೆ. ಎಂಥ ಶೂ, ಎಷ್ಟು ನೀರು ಎಂದು ಕೇಳುವವರಿಗೆ ನಿನ್ನ ನೋಟ್‌ಬುಕ್ ನೋಡಿ ಉತ್ತರ ಕೊಡುವವಳೂ ನಾನೇ, ಔಷಧಿ ಅಂಗಡಿಯಿಂದಾಚೆ ಕಾಲಿಡದವಳು! ನಗಬೇಡ.

ಇವತ್ತು ಬೆಳಿಗ್ಗೆ ನೋಡಿದರೆ ಉಳಿದಿದ್ದು ನೀನು ಕೊನೆಗೆ ಕಳಿಸಿದ ಫೋಟೋ ಒಂದೇ: ಮಂಜಿನಲ್ಲಿ ಕವಲೊಡೆದ ಕಾಲುದಾರಿ. ವಿಧಿಯಿಲ್ಲದೆ ಅದನ್ನೇ ಹಾಕಿದೆ. ಹತ್ತು ನಿಮಿಷದಲ್ಲಿ ಒಬ್ಬಳು ಹುಡುಗಿ ಕೇಳಿದಳು: "ಸರ್, ನಾಳೆ ನಾವೂ ಅಲ್ಲಿಗೇ ಹೊರಟಿದ್ದೀವಿ. ಇಲ್ಲಿ ಎಡಕ್ಕಾ, ಬಲಕ್ಕಾ?"

ಕವಲು ಸಿಕ್ಕಾಗಲೆಲ್ಲ ನೀನೂ ಫೋಟೋ ಕಳಿಸಿ ಹೀಗೇ ಕೇಳುತ್ತಿದ್ದೆ. "ಮನೇಲಿ ಕೂತೇ ದಾರಿ ಹೇಳು ಪುಟ್ಟಿ, ನೀನೂ ಬಂದ ಹಾಗಾಯ್ತು." ಈ ಕವಲಿನದು ಬಂದ ದಿನ ನಾನು ಕುಕ್ಕರ್ ಇಳಿಸುತ್ತಾ, ಫೋಟೋ ಸರಿಯಾಗಿ ನೋಡದೆ, ಒಂದೇ ಪದ ಬರೆದು ಕಳಿಸಿದ್ದೆ.

ಹುಡುಗಿಗೆ ಬರೆದೆ: "ಎಡಕ್ಕೆ ಹೋಗಮ್ಮ. ಬಲಕ್ಕೆ ಖಂಡಿತ ಬೇಡ."

"ಥ್ಯಾಂಕ್ಸ್ ಸರ್! ನೀವು ಹೋಗಿದ್ದೂ ಎಡಕ್ಕೇ ಅಲ್ವಾ?"

ಒಳಗಿಂದ ಅಮ್ಮ ಕೂಗುತ್ತಿದ್ದಾಳೆ: "ಇವತ್ತು ಎಲ್ಲಿದ್ದಾನಂತೆ? ತೋರ್ಸೇ."