ಮಳೆಪುಸ್ತಕದ ನಾಲ್ಕು ಇಂಚು

ಗೋಣಿಬೀಡು
ಮಾರ್ಚ್ ೧೯, ಬುಧವಾರ

ಪ್ರೀತಿಯ ರಕ್ಷಾ,

ಹೇಗಿದ್ದೀಯ ಎಂದು ಕೇಳಲು ಧೈರ್ಯವಿಲ್ಲ. ಹದಿನೈದು ದಿನದಿಂದ ಈ ಕಾಗದ ಬರೆದು ಹರಿಯುತ್ತಿದ್ದೇನೆ, ಅದಕ್ಕೇ ತಡವಾಯಿತು. ಹೋದ ಭಾನುವಾರ ವಸ್ತಾರೆಯ ಅತ್ತೆ ಮನೆಗೆ ಬಂದು ನಿನ್ನೆದುರು ಒಂದು ಗಂಟೆ ಕೂತಿದ್ದೆ. "ತಿಂಡಿ ಆಯ್ತಾ?" ಎಂದಷ್ಟೇ ಕೇಳಿ ಬಸ್ಸು ಹತ್ತಿದೆ.

ನಿನ್ನೆ ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಂತು. "ಎಷ್ಟು ಬಂತು ಮಾರಾಯ್ತಿ ನಿಮ್ಮಲ್ಲಿ? ನಮ್ಮಲ್ಲಿ ಒಂದೂಕಾಲು ಇಂಚು!" ಎಂದು ಹಳ್ಳದಾಚೆ ತೋಟದ ರಾಜೀವಣ್ಣ ಫೋನಿನಲ್ಲೇ ಕುಣಿದರು. "ನೋಡಿಲ್ಲ" ಎಂದೆ. ಆಗಸ್ಟಿನಿಂದ ನಮ್ಮಲ್ಲಿ ಯಾರೂ ಮಳೆ ಅಳೆಯುವುದಿಲ್ಲ. ಅಪ್ಪ ಮಳೆಮಾಪಕವನ್ನು ಅಂಗಳದಿಂದ ಕಿತ್ತು ಗೋಡೌನಿಗೆ ಹಾಕಿದ್ದಾರೆ.

ಸಾವಿತ್ರತ್ತೆಯೂ ಫೋನಿನಲ್ಲಿ ಮಾತಾಡಿದರು. "ಬಿಸಿಲಲ್ಲೂ ಮಳೆ ಅಳೀತೀನಿ ಅಂತ ಲೋಟ ಇಟ್ಕಂಡು ಅಂಗಳದಲ್ಲೇ ಕೂರ್ತಾಳೆ ಕಣೆ. ಕಾಫಿ ಕುಡಿಯಕ್ಕೆ ನಮ್ಗೊಂದು ಲೋಟ ಉಳ್ಸಿಲ್ಲ," ಎಂದು ನಗಲು ಹೋಗಿ ಅತ್ತರು. ಕಣ್ಣಿನ ಡಾಕ್ಟರು ದೋಷವಿಲ್ಲ ಎಂದರೂ ನೀನು ನಂಬಲಿಲ್ಲವಂತೆ. "ನನ್ನ ಕಣ್ಣೇ ಅರುಣಾನ ಕೊಂದಿದ್ದು" ಎಂದೆಯಂತೆ. ಈಗ ಮಾತ್ರೆಯನ್ನೂ ಉಗುಳುತ್ತೀಯಂತೆ. ಒಬ್ಬಳನ್ನೇ ಬಿಡಬೇಡಿ ಎಂದು ಚಿಕ್ಕಮಗಳೂರಿನ ಮನಸ್ಸಿನ ಡಾಕ್ಟರು ಹೇಳಿದ್ದಾರೆ.

ಆ ದಿನದ ಮಾತು ಎತ್ತಬಾರದು ಎಂದುಕೊಂಡಿದ್ದೆ, ಆಗುತ್ತಿಲ್ಲ. ಒಂದು ದಿನದ ಮಳೆ ಏಳು ಇಂಚು ದಾಟಿದರೆ ಗುಡ್ಡದ ಬುಡದ ಲೈನ್ ಮನೆಗಳ ಆಳುಗಳನ್ನು ನಮ್ಮಲ್ಲಿಗೆ ಕರೆಸುವುದು ಅಜ್ಜನ ಕಾಲದ ಕ್ರಮ. ಬೆಳಿಗ್ಗೆ ಎಂಟಕ್ಕೆ ನೀನು ಮಾಪಕ ನೋಡಿ ಪುಸ್ತಕದಲ್ಲಿ ನಾಲ್ಕು ಎಂದು ಬರೆದೆ. "ನಾಲ್ಕೇ ಅಲ್ವಾ, ಇವತ್ತು ಬೇಡ ಬಿಡು" ಎಂದರು ಅಪ್ಪ. ಹನ್ನೊಂದಕ್ಕೆ ಗುಡ್ಡ ಜಾರಿತು. ಭಾಗಮ್ಮ ಎಂದಿನಂತೆ ನಮ್ಮ ಅಡುಗೆಮನೆಯ ಕೆಲಸದಲ್ಲಿದ್ದಳು. ಅವಳ ಮಗಳು, ನಿನ್ನದೇ ಬೆಂಚಿನ ಅರುಣಾ, ಲೈನಿನಲ್ಲಿದ್ದಳು. ಸಂಜೆ ರಾಜೀವಣ್ಣ ತಮ್ಮಲ್ಲಿ ಒಂಬತ್ತು ಇಂಚು ಎಂದಾಗ ನೀನು ಪುಸ್ತಕ ತೆರೆದೆ. ಆ ನಾಲ್ಕರ ಮೇಲೆ ನೀನು ಬೆರಳಿಟ್ಟದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ನಿನ್ನ ತಪ್ಪಲ್ಲ ಎಂದು ಎಲ್ಲರೂ ಹೇಳುತ್ತೇವೆ, ನಾನೂ. ನೀನು ಹೇಗೆ ನಂಬುತ್ತೀಯ? ಹಾಗಾದರೆ ಯಾರದು ಎಂದು ಯಾರೂ ಹೇಳಿಲ್ಲವಲ್ಲ.

ಭಾಗಮ್ಮ ದಿನಾ ಕೇಳುತ್ತಾಳೆ, "ಸಣ್ಣಮ್ಮಾವ್ರು ಪರೀಕ್ಷೆ ಬರೀತಾರಾ?" ಎಂದು. ಬರೆಯದಿದ್ದರೂ ಸರಿ, ಮಾತ್ರೆ ನುಂಗು. ನಿನಗೆ ಒಂದು ದಿನವಾದರೂ ಕನಸಿಲ್ಲದ ನಿದ್ದೆಯನ್ನು ದೇವರು ಕೊಡಲಿ.

ನಿನ್ನ ಅಕ್ಕ,
ತನುಜಾ

ತಾ.ಕ.: ಗುಡ್ಡ ಜಾರಿದ ಹಿಂದಿನ ಸಂಜೆ ಕೊಡೆ ಹಿಡಿದು ಅಂಗಳಕ್ಕೆ ಹೋಗಿದ್ದೆ. ಮಾಪಕ ಐದು ಇಂಚಿಗೆ ತುಂಬಿ ತುಳುಕುವ ಹಾಗಿತ್ತು. ನೀರು ಚೆಲ್ಲಿ ಮತ್ತೆ ಇಟ್ಟೆ. ಪುಸ್ತಕದಲ್ಲಿ ಐದು ಎಂದು ಬರೆಯೋಣವೆಂದು ಒಳಗೆ ಬಂದರೆ, ಓದುತ್ತಿದ್ದ ಕಾದಂಬರಿ ಮಂಚದ ಮೇಲೆ ತೆರೆದೇ ಇತ್ತು. ಬರೆಯಲಿಲ್ಲ. ಬೆಳಿಗ್ಗೆ ಅಪ್ಪ "ನಾಲ್ಕೇ ಅಲ್ವಾ" ಎಂದಾಗ ನೆನಪಾಯಿತು. ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ಫೋನು ಬಂತು. ಆಮೇಲೆ ಹೇಳೋಣವೆಂದು ಸುಮ್ಮನಾದೆ. ಏಳು ತಿಂಗಳಾಯಿತು.

ಮಾಪಕದಲ್ಲಿ ನಾಲ್ಕೇ ಇತ್ತು ರಕ್ಷಾ, ಉಳಿದ ಐದನ್ನು ನಾನು ಚೆಲ್ಲಿದ್ದೆ. ನೀನು ಸರಿಯಾಗಿ ನೋಡಿದ್ದೆ. ಇದನ್ನು ಅತ್ತೆಗೆ ತೋರಿಸು. ಇನ್ನೊಂದು ಪ್ರತಿಯನ್ನು ಅಪ್ಪನ ಮೇಜಿನ ಮೇಲಿಟ್ಟಿದ್ದೇನೆ. ಭಾಗಮ್ಮನಿಗೆ ಓದಲು ಬರುವುದಿಲ್ಲ. ಅವಳಿಗೆ ಬಾಯಿಬಿಟ್ಟೇ ಹೇಳಬೇಕು.